ಚುಕ್ಕಿಯ ದವಡೆ ಹಲ್ಲು

ತೂಕದ ತಗಡಿನ ಮೇಲೆ ನಿಲ್ಲಲು ನಮ್ಮ ಆಡು ಚುಕ್ಕಿಗೆ ಮನಸ್ಸಿಲ್ಲ. ಮುಂಗಾಲು ಇಡುತ್ತಾಳೆ, ತಗಡು ಸದ್ದು ಮಾಡಿದ ಕೂಡಲೇ ಹಿಂದೆ ಜಗ್ಗುತ್ತಾಳೆ. ಅಮ್ಮ ಕೊರಳ ಹಗ್ಗ ಸಡಿಲಿಸಿ, ತಾನೇ ಮೊದಲು ಹತ್ತಿ, ಇಳಿದು ತೋರಿಸುತ್ತಾಳೆ. "ಬಾರವ್ವ, ಏನೂ ಆಗಲ್ಲ ಬಾ." ಹತ್ತಿದಳು. 34 ಕೆ.ಜಿ. ಯುಗಾದಿ ಹೊತ್ತಿಗೆ 41 ಇದ್ದವಳು. ಬೆನ್ನ ಮೇಲೆ ಕೈಯಾಡಿಸಿದರೆ ಬೆನ್ನುಮೂಳೆಯ ಒಂದೊಂದು ಗೆಣ್ಣೂ ಬೆರಳಿಗೆ ಸಿಗುತ್ತದೆ.

ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ. ದಾಬಸ್‌ಪೇಟೆ ದಾಟಿ ಒಳಗಿರುವ ನಮ್ಮೂರಿಂದ ಟಾಟಾ ಏಸ್‌ನಲ್ಲಿ ಹುಲ್ಲು ಹಾಸಿ ಕರೆತಂದಿದ್ದೇವೆ. ದಾರಿಯುದ್ದಕ್ಕೂ ಅಮ್ಮ ಹಿಂದೆ ಚುಕ್ಕಿಯ ಜೊತೆಯಲ್ಲೇ ಕೂತಿದ್ದಳು. ಈಗ ಅಂಗಳದ ಮರದ ಕೆಳಗೆ ಸರದಿಗೆ ಕಾಯುತ್ತಿದ್ದೇವೆ. ಒಂದು ಕಡೆ ಬುಟ್ಟಿಯೊಳಗೆ ಬೆಕ್ಕು, ಇನ್ನೊಂದು ಕಡೆ ಕಾಲಿಗೆ ಪಟ್ಟಿ ಕಟ್ಟಿಸಿಕೊಂಡ ನಾಯಿ. ಚುಕ್ಕಿಗೆ ನಾಯಿಯ ಚಿಂತೆಯಿಲ್ಲ. ಅವಳ ಕಣ್ಣು ಗೋಡೆಯಾಚೆಯ ಹಸಿರಿನ ಮೇಲೆ. ನಿನ್ನೆ ಸಂಜೆಯಿಂದ ಅವಳಿಗೆ ಮೇವಿಲ್ಲ. ಮಂಪರು ಇಂಜೆಕ್ಷನ್ ಕೊಡುವಾಗ ಹೊಟ್ಟೆ ತುಂಬಿರಬಾರದೆಂದು ಫೋನಿನಲ್ಲೇ ಹೇಳಿದ್ದರು. ಅವಳಿಗೆ ಅದು ಹೇಗೆ ಗೊತ್ತಾಗಬೇಕು? ನನ್ನ ಅಂಗಿಯ ಅಂಚನ್ನು ಬಾಯಿಗೆ ಎಳೆದುಕೊಳ್ಳುತ್ತಾಳೆ, ಎರಡು ಸಲ ಅಗಿಯುತ್ತಾಳೆ, ಮೂರನೆಯದಕ್ಕೆ ತಲೆ ವಾರೆ ಮಾಡಿ ಬಿಟ್ಟುಬಿಡುತ್ತಾಳೆ. ಆ ವಾರೆ ಮಾಡುವುದನ್ನು ನೋಡಿದಾಗಲೆಲ್ಲ ನನ್ನ ಹೊಟ್ಟೆಯೊಳಗೆ ಏನೋ ಕಲಕುತ್ತದೆ.

ಅವಳ ಬಾಯಿಯ ತೊಂದರೆ ಶುರುವಾಗಿದ್ದೂ ಹಾಗೇ. ಮೆಲುಕು ಹಾಕುತ್ತಾ ಕೂತವಳು ತಟ್ಟನೆ ನಿಲ್ಲಿಸುತ್ತಿದ್ದಳು. ಎದುರಿಗೆ ನೆಲದ ಮೇಲೆ ಅರೆಬರೆ ಅಗಿದ ಹಸಿರು ಉಂಡೆ ಬಿದ್ದಿರುತ್ತಿತ್ತು. ಗಡ್ಡದ ಬಿಳಿ ಕೂದಲೆಲ್ಲ ಹಸಿರು ಜೊಲ್ಲು. ಎಡಗೆನ್ನೆ ಉಬ್ಬಿದಂತೆ ಕಂಡು ಒತ್ತಿದರೆ ಒಳಗೆ ಮೇವೇ ಸಿಕ್ಕಿಕೊಂಡಿರುತ್ತಿತ್ತು. ಆಮೇಲೆ ವಾಸನೆ ಬಂತು. ಆಡಿನ ಮೈವಾಸನೆಯಲ್ಲ, ಕೊಳೆತ ವಾಸನೆ. ಆದರೂ ಒಂದು ಸಲ ನರಳಲಿಲ್ಲ. ಬೇರೆ ಪ್ರಾಣಿಗೆ ಆಹಾರವಾಗುವ ಜೀವ ನೋವನ್ನು ತೋರಿಸಿಕೊಳ್ಳುವುದಿಲ್ಲ, ತೋರಿಸಿದರೆ ಅದೇ ಮೊದಲು ತುತ್ತಾಗುವುದು. ಮನೆಯಂಗಳದಲ್ಲೇ ಬೆಳೆದರೂ ಚುಕ್ಕಿಯ ರಕ್ತದಿಂದ ಆ ಹೆದರಿಕೆ ಹೋಗಿಲ್ಲ.

ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿದ ಮೇಲೆ ಗಾಡಿಯಲ್ಲಿ ಬಂದ ಡಾಕ್ಟ್ರು ಮೊದಲು ಅವಳ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರು. ಬಿಳುಚಿಲ್ಲ, ಕೆಂಪಗಿದೆ. ದವಡೆಯಡಿ ಒತ್ತಿದರು. ಅಲ್ಲಿ ನೀರು ತುಂಬಿದ ಹಾಗೆ ಮೆತ್ತಗಿದ್ದರೆ ಜಂತುಹುಳು ರಕ್ತ ಹೀರಿರಬಹುದು, ಕಿವಿಯ ಕೆಳಗೆ ಗಂಟು ಸಿಕ್ಕಿದರೆ ಗ್ರಂಥಿಯ ಕೀವು, ದವಡೆ ಮೂಳೆಯೇ ದಪ್ಪಗಾಗಿದ್ದರೆ ಹಲ್ಲಿನ ಬೇರಿನ ಸೋಂಕು ಎಂದು ಬೆರಳಿಟ್ಟು ತೋರಿಸುತ್ತಾ ಹೇಳಿದರು. ಮೂರರಲ್ಲಿ ಯಾವುದೂ ಸ್ಪಷ್ಟವಾಗಿ ಸಿಗಲಿಲ್ಲ. "ಒಳಗಿನ ಹಲ್ಲು ನೋಡ್ಬೇಕು. ಇಲ್ಲಿ ನಿಲ್ಸ್ಕೊಂಡು ಆಗಲ್ಲ. ಹೆಬ್ಬಾಳಕ್ಕೆ ಕರ್ಕೊಂಡೋಗಿ."

"ಎಷ್ಟು ಹಲ್ಲು?"

ಆಸ್ಪತ್ರೆಯ ಮರದ ಕೆಳಗೆ ನಮ್ಮ ಪಕ್ಕದಲ್ಲಿ ಟಗರು ಹಿಡಿದು ನಿಂತವರು ಕೇಳುತ್ತಿದ್ದಾರೆ. ವಯಸ್ಸು ಕೇಳುವ ರೀತಿ ಅದು.

"ಬಾಯ್ಗೂಡಿ ಎಷ್ಟೋ ಕಾಲ ಆಯ್ತು ಕಣಣ್ಣ. ಈಗ ಒಂಬತ್ತು ವರ್ಷ," ಅನ್ನುತ್ತಾಳೆ ಅಮ್ಮ.

"ಒಂಬತ್ತಾ!" ಅವರು ಬಗ್ಗಿ ಚುಕ್ಕಿಯ ಕೆಳತುಟಿ ಬಿಡಿಸಿ ನೋಡುತ್ತಾರೆ. ಸಂತೆಯಲ್ಲಿ ಪಳಗಿದ ಕೈ. ಆಡಿಗೆ ಮೇಲೆ ಮುಂದಿನ ಹಲ್ಲೇ ಇಲ್ಲ, ಗಟ್ಟಿ ಒಸಡು ಅಷ್ಟೆ. ಕೆಳಗೆ ಎಂಟು. ಒಂದು, ಒಂದೂವರೆ ವರ್ಷಕ್ಕೆ ನಡುವಿನ ಎರಡು ಹಾಲುಹಲ್ಲು ಬಿದ್ದು ದೊಡ್ಡವು ಬರುತ್ತವೆ. ಎರಡು ವರ್ಷದ ಆಸುಪಾಸಿಗೆ ನಾಲ್ಕು, ಮೂರಕ್ಕೆ ಆರು, ನಾಲ್ಕಕ್ಕೆ ಎಂಟೂ ಬಂದು ಬಾಯಿಗೂಡುತ್ತದೆ. ಬೆಲೆ ಕಟ್ಟಲು ಇಷ್ಟು ಸಾಕು. ಆದರೆ ಆಡಿನ ಬಾಯಲ್ಲಿರುವುದು 32 ಹಲ್ಲು. ಉಳಿದ 24 ಒಳಗೆ, ದವಡೆಯಲ್ಲಿವೆ. ಅವನ್ನು ಯಾರೂ ನೋಡುವುದಿಲ್ಲ, ನೋಡುವ ಅಗತ್ಯವೇ ಬೀಳುವುದಿಲ್ಲ. ಅವು ಸವೆದು, ಅಲುಗಾಡಿ, ನೋಯುವಷ್ಟು ವಯಸ್ಸನ್ನು ನಾವು ಆಡಿಗೆ ಕೊಟ್ಟಿದ್ದಾದರೂ ಯಾವಾಗ? ಊರಲ್ಲಿ "ಇನ್ನೇನು ಹಬ್ಬ ಬಂತು, ಕೊಟ್ಬಿಡಿ" ಅಂದವರು ಕೆಟ್ಟವರಲ್ಲ. ಮುದಿ ಆಡನ್ನು ಅವರು ಕಂಡೇ ಇಲ್ಲ.

ಹೆಸರು ಕೂಗಿದರು. ಒಳಗೆ ಫಿನಾಯಿಲ್ ವಾಸನೆ, ತಣ್ಣಗಿನ ಸ್ಟೀಲ್ ಮೇಜು. ಡಾಕ್ಟರ್ ಮೇಡಂ ಸ್ಟೆತಸ್ಕೋಪನ್ನು ಎಡಪಕ್ಕೆಯ ಗುಳಿಗೆ ಇಟ್ಟು ಬಹಳ ಹೊತ್ತು ಕೇಳುತ್ತಾರೆ. ಮೇವಿನ ಚೀಲ ನಿಮಿಷಕ್ಕೆ ಒಂದೆರಡು ಸಲ ಹೊರಳಬೇಕಂತೆ. ಹೊರಳುತ್ತಿದೆ. ಸಿರಿಂಜಿಗೆ ಔಷಧಿ ಎಳೆದುಕೊಂಡರು. ಕಣ್ಣಿಗೆ ಕಾಣದಷ್ಟು.

"ಇಷ್ಟೇನಾ ಮೇಡಂ?"

"ಜೈಲಜೀನ್. ಆಡಿಗೆ ಇದು ತುಂಬಾ ಬೇಗ ಹತ್ತುತ್ತೆ. ಇಷ್ಟೇ ತೂಕದ ನಾಯಿಗೆ ಕೊಡೋದ್ರಲ್ಲಿ ಹತ್ತನೇ ಒಂದು ಭಾಗನೂ ಇಲ್ಲ ಇದು."

ಅವರು ಧೈರ್ಯಕ್ಕೆಂದು ಹೇಳಿದ್ದು ನನ್ನೊಳಗೆ ಭಯವಾಗಿ ಇಳಿಯಿತು. ಒಂದು ಹನಿ ಹೆಚ್ಚಾದರೆ? ಚುಕ್ಕಿಯ ತಲೆ ನಿಧಾನಕ್ಕೆ ತೂಗಲು ಶುರುವಾಗುತ್ತದೆ, ಮೊಣಕಾಲು ಮಡಚಿಕೊಳ್ಳುತ್ತದೆ. ಎದೆಯ ಮೇಲೆ ಕೂರಿಸಿ, ಕತ್ತಿನ ಕೆಳಗೆ ಸುತ್ತಿದ ಟವೆಲ್ ಇಟ್ಟು, ಮೂತಿ ಕೆಳಮುಖವಾಗುವ ಹಾಗೆ ಮಾಡುತ್ತಾರೆ. ಜೊಲ್ಲೂ ಹೊಟ್ಟೆಯಿಂದ ಮೇಲೆ ಬಂದ ನೀರೂ ಹೊರಗೆ ಹರಿಯಬೇಕು, ಶ್ವಾಸಕೋಶಕ್ಕೆ ಇಳಿಯಬಾರದು. ಒಬ್ಬ ವಿದ್ಯಾರ್ಥಿನಿ ಎಡಪಕ್ಕೆಯ ಮೇಲೆ ಅಂಗೈಯಿಟ್ಟು ನಿಂತಳು. ಅವಳಿಗೆ ಬೇರೆ ಕೆಲಸವಿಲ್ಲ.

ಮೊದಲು ಎಕ್ಸ್‌ರೇ. ಪರದೆಯ ಮೇಲೆ ದವಡೆ ಬೆಳ್ಳಗೆ ಮೂಡುವ ತನಕ ಅಮ್ಮ ನನ್ನ ಮುಂಗೈ ಬಿಡಲಿಲ್ಲ. "ಮೂಳೆ ಚೆನ್ನಾಗಿದೆ, ಬೇರಲ್ಲಿ ಕೀವಿಲ್ಲ," ಎಂದರು ಮೇಡಂ. ಬೇರಿಗೆ ಸೋಂಕಾಗಿದ್ದರೆ ದವಡೆ ಕೊರೆಯುವ ತನಕ ಹೋಗಬೇಕಾಗುತ್ತಿತ್ತು.

ಬಾಯಿ ತೆರೆದು ಹಿಡಿಯುವ ಕಬ್ಬಿಣದ ಚೌಕಟ್ಟು ಕೂರಿಸಿ ಟಾರ್ಚ್ ಬಿಟ್ಟರು. ನಾನೂ ಬಗ್ಗಿ ನೋಡಿದೆ. ಎಷ್ಟು ಇಕ್ಕಟ್ಟಿನ ಬಾಯಿ! ನಾಲಿಗೆಯಾಚೆ ಗುಹೆಯೊಳಗಿಟ್ಟಂತೆ ಹಲ್ಲಿನ ಸಾಲು. ಆಡಿನ ದವಡೆ ಹಲ್ಲು ಸವೆದಂತೆಲ್ಲ ಒಸಡಿನಿಂದ ಮೇಲೇಳುತ್ತಲೇ ಇರುತ್ತದೆ, ಒಂದನ್ನೊಂದು ಉಜ್ಜಿ ಮಟ್ಟವಾಗುತ್ತದೆ. ಚುಕ್ಕಿಗೆ ಎಡಗಡೆ ಕೆಳಗೆ ಒಂದು ಹಲ್ಲು ಯಾವಾಗಲೋ ಬಿದ್ದುಹೋಗಿದೆ. ಅದರ ಎದುರಿನ ಮೇಲಿನ ಹಲ್ಲಿಗೆ ಉಜ್ಜಲು ಯಾರೂ ಇಲ್ಲದೆ, ಆ ಸಂದಿಗೆ ಇಳಿದು ಹರಿತವಾಗಿದೆ. ಅದರ ಹೊರ ಅಂಚು ಕೆನ್ನೆಯ ಒಳಗೆ ಉದ್ದಕ್ಕೆ ಸೀಳಿದೆ. ಹುಣ್ಣಿನ ಮೇಲೆ ಬೆಳ್ಳನೆಯ ಪೊರೆ, ಸುತ್ತ ಕೆಂಪು. ಪಕ್ಕದ ಇನ್ನೊಂದು ಹಲ್ಲು ಇಕ್ಕಳ ತಾಗಿದರೆ ಸಾಕು, ಅಲುಗುತ್ತಿದೆ.

ಇದನ್ನಿಟ್ಟುಕೊಂಡು ಅವಳು ದಿನಾ ಬೆಳಿಗ್ಗೆ ನನ್ನನ್ನು ಕಂಡರೆ ಬೇಲಿ ತನಕ ಓಡಿ ಬರುತ್ತಿದ್ದಳು.

ಅರ ಉಜ್ಜುವ ಸದ್ದು ಶುರುವಾಯಿತು. ಗರ್, ಗರ್. ಸುಟ್ಟ ಕೊಂಬಿನ ವಾಸನೆ. ನಡುನಡುವೆ ನಿಲ್ಲಿಸಿ ಬೆರಳಿಂದ ಅಂಚು ಸವರಿ ನೋಡುತ್ತಾರೆ. ಒಂದೇ ಸಲಕ್ಕೆ ಪೂರ್ತಿ ಮಟ್ಟ ಮಾಡಿದರೆ ಹಲ್ಲಿನ ಜೀವಕ್ಕೆ ತಾಗುತ್ತದೆ.

"ಮೇಡಂ, ಉಬ್ತಾ ಇದೆ."

ವಿದ್ಯಾರ್ಥಿನಿಯ ದನಿ ಸಣ್ಣಗಿತ್ತು, ಆದರೆ ಅರ ತಕ್ಷಣ ನಿಂತಿತು. ಎಡಪಕ್ಕೆಯ ಗುಳಿ ಕಾಣುತ್ತಿಲ್ಲ. ಅಲ್ಲಿ ಚರ್ಮ ಬಿಗಿದು ನಿಂತಿದೆ. ಮಂಪರಿನಲ್ಲಿ ಆಡಿಗೆ ತೇಗು ಸುಲಭಕ್ಕೆ ಬರುವುದಿಲ್ಲ. ಗಾಳಿ ತುಂಬಿ ಉಸಿರಿನ ಚೀಲವನ್ನೇ ಒತ್ತುತ್ತದೆ. ಚೌಕಟ್ಟು ತೆಗೆದರು, ಎದೆ ನೇರ ಮಾಡಿದರು, ಇಬ್ಬರು ಹೊಟ್ಟೆಯನ್ನು ಅಂಗೈಯಿಂದ ಮೆಲ್ಲಗೆ ಒತ್ತಿ ನೀವಿದರು. ಒಬ್ಬರು ರಬ್ಬರ್ ಕೊಳವೆ ತೆಗೆದಿಟ್ಟುಕೊಂಡರು. ಅಮ್ಮ ಕಣ್ಣು ಮುಚ್ಚಿದ್ದಾಳೆ, ತುಟಿ ಅಲ್ಲಾಡುತ್ತಿದೆ. ಗೋಡೆಯ ಗಡಿಯಾರದ ಮುಳ್ಳನ್ನೇ ನೋಡುತ್ತಾ ನಿಂತೆ. ನಾನೇ ಕರೆತಂದೆ, ಮನೆಯಲ್ಲೇ ಬಿಟ್ಟಿದ್ದರೆ ಮೆತ್ತನೆಯ ಗಂಜಿ ಕುಡಿದುಕೊಂಡಾದರೂ ಇರುತ್ತಿದ್ದಳು ಎಂದೆಲ್ಲ ಮನಸ್ಸು ಓಡುತ್ತದೆ. ಆಗ ದೀರ್ಘವಾಗಿ, ಹುಳಿ ವಾಸನೆಯೊಂದಿಗೆ, ಚುಕ್ಕಿ ತೇಗಿದಳು. ಕೋಣೆಯಲ್ಲಿದ್ದ ಎಲ್ಲರ ಹೆಗಲೂ ಒಟ್ಟಿಗೆ ಇಳಿದವು.

ಉಳಿದದ್ದು ಬೇಗ ಮುಗಿಯಿತು. ಅಲುಗುವ ಹಲ್ಲಿನ ಬುಡಕ್ಕೆ ಮರಗಟ್ಟಿಸುವ ಔಷಧಿ, ಅದೂ ಅಳೆದೂ ಸುರಿದೂ. ಇಕ್ಕಳದ ಒಂದೆರಡು ತಿರುವಿಗೆ ಹಲ್ಲು ಬಂತು. ಹುಣ್ಣು ತೊಳೆದರು, ಧನುರ್ವಾಯುವಿನ ಚುಚ್ಚುಮದ್ದು ಹಾಕಿದರು, ಮಂಪರು ಇಳಿಸುವ ಇಂಜೆಕ್ಷನ್ ಕೊಟ್ಟರು. ಮೊದಲು ಕಿವಿ ಅಲ್ಲಾಡಿತು. ಆಮೇಲೆ ಅಮ್ಮನ ಕಡೆ ತಲೆಯೆತ್ತಿ, ತೊದಲಿದ ಹಾಗೆ ಒಂದು "ಮ್ಯಾ".

"ಬಂದೆ ಕಂದಾ, ಇಲ್ಲೇ ಇದೀನಿ."

ಹೊರಗೆ ನೆರಳಿನಲ್ಲಿ ಮಲಗಿಸಿಕೊಂಡು ಕಾಯಬೇಕು. ನಡಿಗೆ ಸರಿಹೋದ ಮೇಲಷ್ಟೇ ನೀರು, ಆಮೇಲೆ ಮೇವು. ಮೇಡಂ ಚೀಟಿ ಬರೆಯುತ್ತಾ ಹೇಳುತ್ತಾರೆ: ಹದಿನೈದು ದಿನ ಒಣಹುಲ್ಲು, ಜಾಲಿಕಾಯಿ ಬೇಡ. ಎಳೆ ಸೊಪ್ಪು, ನೆನೆಸಿದ ಬೂಸಾ. ನೋವಿನ ಔಷಧಿ ನಿಲ್ಲಿಸಬೇಡಿ. ಆ ಮೇಲಿನ ಹಲ್ಲು ಮತ್ತೆ ಇಳಿಯುತ್ತೆ, ಆರು ತಿಂಗಳಿಗೊಮ್ಮೆ ತೋರಿಸಲೇಬೇಕು.

"ಆರು ತಿಂಗಳಿಗೊಂದ್ಸಲಾನಾ ಮೇಡಂ? ಎಲ್ಲೀವರ್ಗೂ?"

"ಇರೋವರ್ಗೂ ಅಮ್ಮಾ. ಚೆನ್ನಾಗಿ ನೋಡ್ಕೊಂಡ್ರೆ ಇನ್ನೂ ಐದಾರು ವರ್ಷ ಇರ್ತಾಳೆ."

ಅಮ್ಮ ತಲೆಯಾಡಿಸಿ, ಸೆರಗಿನ ಗಂಟಿನಿಂದ ಫೋನ್ ತೆಗೆದು ಚಿಕ್ಕಮ್ಮನ ನಂಬರ್ ಒತ್ತಿದಳು. "ಅಗಸೆ ಸೊಪ್ಪು ಎಳೇದು ನೋಡಿ ಒಂದು ಹೊರೆ ಕುಯ್ಸಿಡು ಕಣೆ. ಬೂಸಾನೂ ನೆನೆಹಾಕು. ಸಂಜೆಗೆಲ್ಲ ಬರ್ತೀವಿ."