ಆಚಾರ್ರ ಶೆಡ್ಡು, ನನ್ನ ಎಕ್ಸೆಲ್ ಶೀಟು

ಮನೆ ಎಲ್ಲಿ ಅಂತ ಆಫೀಸಲ್ಲಿ ಯಾರಾದ್ರೂ ಕೇಳಿದ್ರೆ 'ಜರಗನಹಳ್ಳಿ' ಅಂತೀನಿ. ಅರ್ಧ ಜನಕ್ಕೆ ಗೊತ್ತಾಗಲ್ಲ. 'ಜೆ.ಪಿ. ನಗರ ಆರನೇ ಫೇಸ್ ಪಕ್ಕ' ಅಂದ ಕೂಡಲೇ 'ಓ, ಹಂಗನ್ನಿ' ಅಂತ ಸಮಾಧಾನ ಮಾಡ್ಕೋತಾರೆ. ನನಗೇನೋ ಹೆಸರಲ್ಲಿ ಇನ್ನೂ 'ಹಳ್ಳಿ' ಇಟ್ಟುಕೊಂಡಿರೋ ಜಾಗವೇ ಇಷ್ಟ. ಕನಕಪುರ ರಸ್ತೆಯಲ್ಲಿ ಮೇಲೆ ಮೆಟ್ರೋ, ಕೆಳಗೆ ಸಾರಕ್ಕಿ ಸಿಗ್ನಲ್ಲಿನ ಟ್ರಾಫಿಕ್ಕು. ಅದನ್ನು ಬಿಟ್ಟು ಒಳಗೆ ಎರಡು ತಿರುವು ತಿರುಗಿದ್ರೆ ವೆಲ್ಡಿಂಗ್ ಶಾಪು, ಹಿಟ್ಟಿನ ಗಿರಣಿ, ಹಾಲಿನ ಬೂತು, ಅದರಾಚೆ ಒಂದು ಮರಗೆಲಸದ ಶೆಡ್ಡು.

ಆ ಶೆಡ್ಡಿನ ಯಜಮಾನರನ್ನು ಬೀದಿಯವರೆಲ್ಲ ಕರೆಯೋದು ಆಚಾರ್ರು ಅಂತ. ನನಗಿಂತ ಹತ್ತು ವರ್ಷ ದೊಡ್ಡವರು, ಕನಕಪುರದ ಕಡೆಯವರು. ಅವರ ಜೊತೆ ಇಬ್ಬರು ಹುಡುಗರು, ಮತ್ತೆ ಅವರ ಸೋದರಮಾವ. ಮಾವನಿಗೆ ಅರವತ್ತು ದಾಟಿದೆ. ಕೆತ್ತನೆ ಕೆಲಸ ಅವರದ್ದೇ. ನಾವೆಲ್ಲ ಅವರನ್ನು ದೊಡ್ಡಾಚಾರ್ರು ಅಂತೀವಿ. ವಾರ್ಡ್‌ರೋಬು, ಅಡುಗೆಮನೆ ಶಟರ್ರು, ಟಿವಿ ಯುನಿಟ್ಟು ಇವೆಲ್ಲ ಹೊಟ್ಟೆಪಾಡಿಗೆ. ದೇವರಮನೆ ಬಾಗಿಲು ಮಾತ್ರ ಶೆಡ್ಡಿನ ಹೆಮ್ಮೆ.

2024ರ ಫೆಬ್ರವರಿಯಲ್ಲಿ ತುಮಕೂರು ರಸ್ತೆಯ ಬಿಐಇಸಿಯಲ್ಲಿ ಇಂಡಿಯಾವುಡ್ ಮೇಳ ನಡೀತು. ಮರಗೆಲಸದ ಯಂತ್ರ, ಹಾರ್ಡ್‌ವೇರು, ಪ್ಲೈವುಡ್ಡಿನವರೆಲ್ಲ ಸೇರುವ ದೊಡ್ಡ ಜಾತ್ರೆ ಅದು. ಆಗಿನ್ನೂ ಹಸಿರು ಮಾರ್ಗದ ಮೆಟ್ರೋ ನಾಗಸಂದ್ರಕ್ಕೇ ನಿಲ್ತಿತ್ತು. ಮಾದಾವರದವರೆಗೆ ಹೋಗಿದ್ದು ಅದೇ ವರ್ಷ ನವೆಂಬರಿನಲ್ಲಿ. ಆಚಾರ್ರು ನಾಗಸಂದ್ರದಲ್ಲಿ ಇಳಿದು, ಆಟೋ ಹಿಡಿದು ಹೋಗಿ, ಒಂದು ಚೀಲ ತುಂಬ ಬ್ರೋಷರ್ ತಂದರು. ಭಾನುವಾರ ಬೆಳಗ್ಗೆ ನನ್ನ ಮುಂದೆ ಸುರಿದರು.

'ಸಾರ್, ನೀವು ಕಂಪ್ಯೂಟರ್ ಓದಿರೋರು. ಈ ಸಿಎನ್‌ಸಿ ರೂಟರ್ರಲ್ಲಿ ಯಾವುದು ತಗೋಬೇಕು ಅಂತ ನೋಡಿ ಹೇಳಿ.'

ರೂಟರ್ ಅಂದ್ರೆ ನಮ್ಮಂಥವರಿಗೆ ನೆನಪಾಗೋದು ವೈಫೈ ಪೆಟ್ಟಿಗೆ. ಇದು ಬೇರೆ. ನಿಮಿಷಕ್ಕೆ 18ರಿಂದ 24 ಸಾವಿರ ಸುತ್ತು ತಿರುಗುವ ಮೋಟಾರು, ತುದಿಗೆ ಒಂದು ಬಿಟ್ಟು. ಆ ಮೋಟಾರನ್ನು ಕೈಯಲ್ಲಿ ಹಿಡಿಯೋ ಬದಲು ಕಂಬಿ ಮೇಲೆ ಕೂರಿಸಿ, ಎಡಕ್ಕೆ-ಬಲಕ್ಕೆ, ಹಿಂದಕ್ಕೆ-ಮುಂದಕ್ಕೆ, ಮೇಲಕ್ಕೆ-ಕೆಳಕ್ಕೆ ಕಂಪ್ಯೂಟರಿನಿಂದ ಓಡಿಸಿದ್ರೆ ಸಿಎನ್‌ಸಿ ರೂಟರ್. ಐಡಿಯಾ ಹೊಸದೇನಲ್ಲ. 1952ರಲ್ಲೇ ಅಮೆರಿಕದ ಎಂಐಟಿಯವರು ತೂತು ಹೊಡೆದ ಪೇಪರ್ ಟೇಪಿನಿಂದ ಮಿಲ್ಲಿಂಗ್ ಯಂತ್ರ ನಡೆಸಿ ತೋರಿಸಿದ್ದರು. ಇವತ್ತು ಟೇಪಿನ ಜಾಗದಲ್ಲಿ ಫೈಲಿದೆ, ಅದರೊಳಗೆ ಜಿ-ಕೋಡ್ ಇದೆ. ಜಿ0 ಅಂದ್ರೆ ಮರ ಮುಟ್ಟದೆ ಬೇಗ ಓಡು. ಜಿ1 ಅಂದ್ರೆ ಹೇಳಿದ ವೇಗದಲ್ಲಿ ಕೊಯ್ಕೊಂಡು ಹೋಗು. ಎಂ3 ಅಂದ್ರೆ ತಿರುಗು, ಎಂ5 ಅಂದ್ರೆ ನಿಲ್ಲು. ದಿನವಿಡೀ ಕೋಡ್ ಬರೆದು, ಅದು ಯಾವ ಸರ್ವರಿನಲ್ಲಿ ಓಡುತ್ತೋ ಕಣ್ಣಿಂದ ನೋಡದವನಿಗೆ, ಒಂದು ಸಾಲು ಕೋಡಿಗೆ ಒಂದು ಹಿಡಿ ಹೊಟ್ಟು ಉದುರುತ್ತೆ ಅನ್ನೋದೇ ಖುಷಿ.

ನಾನು ಎಕ್ಸೆಲ್ ತೆಗೆದೆ. ಬ್ರೋಷರುಗಳನ್ನು ಮೂರು ಗುಂಪು ಮಾಡಿದೆ. ಮೊದಲನೇದು ಮೂರು ಅಡಿಗೆ ನಾಲ್ಕು ಅಡಿ ಬೆಡ್ಡಿನ ಸಣ್ಣ ಯಂತ್ರ, 2.2 ಕಿಲೋವ್ಯಾಟ್ ಸ್ಪಿಂಡಲ್ಲು, ಸಿಂಗಲ್ ಫೇಸಿನಲ್ಲೂ ಓಡುತ್ತೆ. ಎರಡನೇದು ನಾಲ್ಕು ಅಡಿಗೆ ಎಂಟು ಅಡಿ, ಅಂದರೆ ಇಡೀ ಪ್ಲೈವುಡ್ ಶೀಟು ಹಾಗೇ ಮಲಗಿಸಬಹುದಾದ್ದು. ವ್ಯಾಪಾರದವರ ಬಾಯಲ್ಲಿ ಇದು '1325': 1,300 ಮಿಲಿಮೀಟರ್ ಅಗಲ, 2,500 ಉದ್ದ. ಮೂರನೇದು ದೊಡ್ಡ ಫ್ಯಾಕ್ಟರಿಗಳದ್ದು: ಶೀಟನ್ನು ಗಾಳಿಯಿಂದ ಎಳೆದು ಹಿಡಿಯುವ ವ್ಯಾಕ್ಯೂಮ್ ಬೆಡ್ಡು, ಬಿಟ್ಟನ್ನು ತಾನೇ ಬದಲಿಸಿಕೊಳ್ಳುವ ವ್ಯವಸ್ಥೆ. ಪಂಪು, ಸ್ಪಿಂಡಲ್ಲು ಎಲ್ಲಾ ಸೇರಿದ್ರೆ ಕರೆಂಟಿನ ಬೇಡಿಕೆ 20 ಕಿಲೋವ್ಯಾಟ್ ಆಸುಪಾಸು. ಆ ಬ್ರೋಷರನ್ನು ಆಚಾರ್ರೇ ಮಡಿಸಿ ಚೀಲಕ್ಕೆ ಹಾಕಿದರು. 'ಇದು ನೋಡಕ್ಕೆ ಚೆಂದ ಸಾರ್' ಅಂದರು.

ಉಳಿದ ಎರಡರಲ್ಲಿ ಹೋಲಿಸಬೇಕಾದ್ದು ಬೇಕಾದಷ್ಟಿತ್ತು. ಸಾದಾ ಸ್ಟೆಪ್ಪರ್ ಮೋಟಾರು ಅಗ್ಗ. ಆದರೆ ಬಿಟ್ಟು ಎಲ್ಲಾದ್ರೂ ಗಂಟಿಗೆ ಸಿಕ್ಕಿ ತಡವರಿಸಿದ್ರೆ ಯಂತ್ರಕ್ಕೆ ಅದು ಗೊತ್ತೇ ಆಗಲ್ಲ. ತಾನು ಸರಿಯಾದ ಜಾಗದಲ್ಲಿದ್ದೀನಿ ಅಂದುಕೊಂಡು ಮುಂದಿನದನ್ನೆಲ್ಲ ಪಕ್ಕಕ್ಕೆ ಕೊರೀತಾ ಹೋಗುತ್ತೆ. ಕ್ಲೋಸ್ಡ್ ಲೂಪ್ ಮೋಟಾರು ಅಥವಾ ಸರ್ವೋ ಆದ್ರೆ ಎಷ್ಟು ತಿರುಗಿದ್ದೀನಿ ಅಂತ ತಾನೇ ನೋಡ್ಕೊಳ್ಳುತ್ತೆ. ನೀರಿನಿಂದ ತಣಿಯುವ ಸ್ಪಿಂಡಲ್ಲಿಗೆ ಸದ್ದು ಕಮ್ಮಿ, ಆದರೆ ಪಂಪು ಹಾಕೋದು ಮರೆತರೆ ಸುಟ್ಟೇ ಹೋಗಬಹುದು. ಗಾಳಿಯದ್ದು ಗಲಾಟೆ, ಆದರೆ ರಗಳೆ ಇಲ್ಲ. ಉದ್ದದ ಓಟಕ್ಕೆ ಹಲ್ಲಿನ ಪಟ್ಟಿಯ ರ‍್ಯಾಕ್ ಸಾಕು, ಮೇಲೆ-ಕೆಳಗೆ ಹೋಗೋದಕ್ಕೆ ಬಾಲ್ ಸ್ಕ್ರೂ ಇರಲೇಬೇಕು. ಕರೆಂಟು ಹೋಗಿ ಬಂದರೆ ನಿಂತ ಜಾಗದಿಂದಲೇ ಮುಂದುವರಿಸುವ ಕಂಟ್ರೋಲರ್ ಇದೆಯಾ ಅನ್ನೋದಕ್ಕೂ ಒಂದು ಕಾಲಂ ಹಾಕಿದೆ. ನಮ್ಮ ಬೀದಿಯಲ್ಲಿ ಆ ಕಾಲಂ ಇಲ್ಲದೆ ಆಗಲ್ಲ.

ಇಷ್ಟು ಮಾಡಿ ಲ್ಯಾಪ್‌ಟಾಪ್ ಮುಚ್ಚಿ, ಟೇಪು ಹಿಡಿದು ಶೆಡ್ಡಿಗೆ ಹೋದೆ. ಯಂತ್ರ ಯಂತ್ರವನ್ನು ಹೋಲಿಸಿದ್ದಾಯ್ತು, ಇನ್ನು ಯಂತ್ರವನ್ನು ಶೆಡ್ಡಿನ ಜೊತೆ ಹೋಲಿಸಬೇಕಲ್ಲ.

ಶೆಡ್ಡು 20-30ರ ಸೈಟು. ಬೆಂಗಳೂರಿನವರಿಗೆ ಬಿಡಿಸಿ ಹೇಳೋದು ಬೇಡ: 600 ಚದರಡಿ. ನಾಲ್ಕು-ಎಂಟರ ಯಂತ್ರ ತಾನೇ ಸುಮಾರು ಏಳು ಅಡಿಗೆ ಹನ್ನೊಂದು ಅಡಿ. ಶೀಟು ಹತ್ತಿಸಿ ಇಳಿಸಲು ಸುತ್ತ ಮೂರು ಮೂರು ಅಡಿ ಬಿಟ್ಟರೆ 220 ಚದರಡಿ ಹೋಯ್ತು, ಮೂರರಲ್ಲಿ ಒಂದು ಪಾಲಿಗಿಂತ ಜಾಸ್ತಿ. ಮಂಜೂರಾದ ಲೋಡು 10 ಎಚ್‌ಪಿ, ಅಂದರೆ ಏಳೂವರೆ ಕಿಲೋವ್ಯಾಟ್. ದೊಡ್ಡದರ ಸ್ಪಿಂಡಲ್ಲಿಗೆ ಮೂರೂವರೆ, ಉಳಿದ ಮೋಟಾರುಗಳಿಗೆ ಒಂದು, ಹೊಟ್ಟು ಎಳೆಯುವ ಡಸ್ಟ್ ಕಲೆಕ್ಟರಿಗೆ ಎರಡು ಚಿಲ್ಲರೆ. ಅದು ಓಡೋವಾಗ ಮೂರು ಎಚ್‌ಪಿಯ ಪ್ಯಾನೆಲ್ ಸಾ ಹಾಕೋ ಹಾಗಿಲ್ಲ. ಇಲ್ಲಾಂದ್ರೆ ಬೆಸ್ಕಾಮಿಗೆ ಅರ್ಜಿ ಹಾಕಿ ಲೋಡು ಜಾಸ್ತಿ ಮಾಡಿಸಬೇಕು.

ಡಸ್ಟ್ ಕಲೆಕ್ಟರ್ ಬೇಡ ಅಂತ ಆಚಾರ್ರ ವಾದ. ಇದೊಂದರಲ್ಲಿ ನಾನು ಬಗ್ಗಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1995ರಲ್ಲೇ ಮರದ ಧೂಳನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲನೇ ಗುಂಪಿಗೆ ಸೇರಿಸಿದೆ. ಕೆತ್ತುವ ಯಂತ್ರದಿಂದ ಬರೋದು ತೋಪಡದ ಸುರುಳಿ ಹೊಟ್ಟಲ್ಲ, ಮೈದಾ ಹಿಟ್ಟಿನಂಥ ಪುಡಿ. ದೊಡ್ಡಾಚಾರ್ರಿಗೆ ಮೊದಲೇ ಕೆಮ್ಮು.

ಆಮೇಲೆ ಕೇಳಿದ್ದು ಲೆಕ್ಕದ ಪುಸ್ತಕ. ಹಿಂದಿನ ಆರು ತಿಂಗಳ ಬಿಲ್ಲುಗಳನ್ನು ನೆಲದ ಮೇಲೆ ಹರಡಿಕೊಂಡು ಕೂತೆವು. ಈ ಯಂತ್ರ ಬಂದರೆ ಯಾವ ಕೆಲಸ ಅದಕ್ಕೆ ಹೋಗುತ್ತೆ?

ವಾರ್ಡ್‌ರೋಬಿನ ನೇರ ಕಟಿಂಗು ಅಂತ ಹುಡುಗರು ಅಂದರು. ಲೆಕ್ಕ ಹಾಕಿದೆ. ಎರಡು ಅಲಗಿನ ಬಿಟ್ಟು, 18,000 ಸುತ್ತು, ಒಂದೊಂದು ಅಲಗೂ ಸುತ್ತಿಗೆ 0.15 ಮಿಲಿ ಕಚ್ಚಿದ್ರೆ ನಿಮಿಷಕ್ಕೆ 5.4 ಮೀಟರ್ ವೇಗ. ಹದಿನೆಂಟು ಮಿಲಿ ಪ್ಲೈಯನ್ನು ಮೂರು ಸಲಕ್ಕೆ ಇಳಿಸಬೇಕು. ಎಂಟಡಿ ಕೊಯ್ಯೋಕೆ ಒಂದೂಕಾಲು, ಒಂದೂವರೆ ನಿಮಿಷ. ಅದೇ ಕೆಲಸಕ್ಕೆ ಈಗಿರೋ ಪ್ಯಾನೆಲ್ ಸಾಗೆ ಅರ್ಧ ನಿಮಿಷವೂ ಬೇಡ. ನೇರ ಗೆರೆಗೆ ಗರಗಸವೇ ಗೆದ್ದಿತು.

ಯಂತ್ರಕ್ಕೆ ಹೋಗೋದು ಎರಡೇ ಕೆಲಸ. ಎರಡನ್ನೂ ಆಚಾರ್ರು ಹೊರಗೆ ಜಾಬ್ ವರ್ಕಿಗೆ ಕೊಡ್ತಿದ್ದರು. ಒಂದು ಎಂಡಿಎಫ್ ಜಾಲಿ, ತಿಂಗಳಿಗೆ ಸರಾಸರಿ 8 ಸಾವಿರ. ಇನ್ನೊಂದು ದೇವರಮನೆ ಬಾಗಿಲಿನ ಕೆತ್ತನೆ. ದೊಡ್ಡಾಚಾರ್ರ ಕೈಗೆ ಮೀರಿದ್ದು ಹೊರಗೆ ಹೋಗ್ತಿತ್ತು, ತಿಂಗಳಿಗೆ 9 ಸಾವಿರ. ಒಟ್ಟು 17 ಸಾವಿರ.

ದೊಡ್ಡ ಯಂತ್ರ, 18 ಪರ್ಸೆಂಟ್ ಜಿಎಸ್‌ಟಿ, ಡಸ್ಟ್ ಕಲೆಕ್ಟರು ಎಲ್ಲ ಸೇರಿ 6 ಲಕ್ಷಕ್ಕೆ ಬರ್ತಿತ್ತು. ಶೇಕಡ 11ರ ಬಡ್ಡಿ, ಮೂರು ವರ್ಷ, ಕಂತು ತಿಂಗಳಿಗೆ ಸುಮಾರು 19,600. ಅಂದರೆ ಹೊರಗೆ ಕೊಡೋ ಕೆಲಸವನ್ನೆಲ್ಲ ಒಳಗೇ ಮಾಡಿದ್ರೂ ಕೈಯಿಂದ 2,600 ಹಾಕಬೇಕು. ಬಿಟ್ಟು, ಕರೆಂಟು ಬೇರೆ. ಉಳಿದದ್ದಕ್ಕೆ ಬೇರೆಯವರ ಜಾಬ್ ವರ್ಕ್ ಹಿಡಿಯಬೇಕು, ಆದರೆ ನಡೆದು ಹೋಗೋ ದೂರದಲ್ಲೇ ಆ ಕೆಲಸ ಮಾಡೋ ಅಂಗಡಿಗಳು ಈಗಾಗಲೇ ಇವೆ. ಸಾಲದ ಮೊದಲ ಪಾಲಿಗೆ ಮನೆಯವರ ಒಡವೆ ಅಡ ಇಡೋ ಯೋಚನೆಯಲ್ಲಿದ್ದರು ಆಚಾರ್ರು. ಮಗಳು ಆ ವರ್ಷ ಪಿಯುಸಿಗೆ.

ಸಣ್ಣದು ಎಲ್ಲಾ ಸೇರಿ 3 ಲಕ್ಷ. ಕಂತು ಸುಮಾರು 9,800. ಲೋಡು, ಜಾಗ ಎರಡೂ ಸರಿಹೋಗುತ್ತೆ. ಆದರೆ ಅದರಲ್ಲಿ ಜಾಲಿಯ ಪೂರ್ತಿ ಶೀಟು ಕೂರಲ್ಲ. ದೇವರಮನೆ ಬಾಗಿಲು ಏಳಡಿ, ಅದೂ ಕೂರಲ್ಲ. 'ಮತ್ತೆ ತಗೊಂಡು ಏನ್ ಮಾಡೋದು ಸಾರ್?' ಅಂದರು ಆಚಾರ್ರು.

ಅಷ್ಟು ಹೊತ್ತೂ ಮೂಲೆಯಲ್ಲಿ ಉಳಿ ಮಸೀತಾ ಕೂತಿದ್ದ ದೊಡ್ಡಾಚಾರ್ರು ಮಾತಾಡಿದ್ದು ಆಗಲೇ. ಅಲ್ಲೀತನಕ ಅವರು ಒಂದು ಮಾತೂ ಆಡಿರಲಿಲ್ಲ. ಯಾಕೆ ಅಂತ ಎಲ್ಲರಿಗೂ ಗೊತ್ತಿತ್ತು. ಹೊರಗೆ ಹೋಗುವ ಕೆತ್ತನೆ ಯಂತ್ರಕ್ಕೆ ಬಂದರೆ, ಒಳಗಿನ ಕೆತ್ತನೆ ಎಷ್ಟು ದಿನ ಅವರ ಕೈಯಲ್ಲಿ ಉಳಿಯುತ್ತೆ?

'ಬಾಗಿಲು ಯಾರು ಕೆತ್ತುತಾರೆ ಕಣಪ್ಪಾ?' ಅಂದರು ನನ್ನ ಕಡೆ ನೋಡಿ. 'ಹಲಗೆ ಕೆತ್ತೋದು. ಆಮೇಲೆ ಚೌಕಟ್ಟಿಗೆ ಕೂರಿಸಿದ್ರೆ ಬಾಗಿಲು. ನನ್ನ ಜೀವಮಾನದಲ್ಲಿ ಒಂದು ಮೊಳ ಅಗಲ, ಒಂದೂವರೆ ಮೊಳ ಉದ್ದಕ್ಕಿಂತ ದೊಡ್ಡ ಹಲಗೆ ಕೆತ್ತಿಲ್ಲ.'

ನಮ್ಮೂರು ಚನ್ನರಾಯಪಟ್ಟಣದ ಕಡೆ. ನಾನು ಚಿಕ್ಕವನಿದ್ದಾಗ ಊರಲ್ಲೊಬ್ಬರು ಬಡಗಿ ಇದ್ದರು. ನೇಗಿಲು, ಗಾಡಿ, ಬಾಗಿಲು ಎಲ್ಲಾ ಅವರೇ. ಸುಗ್ಗಿಯಲ್ಲಿ ಕಣಕ್ಕೆ ಬಂದು ಆಯ ತಗೊಂಡು ಹೋಗೋರು. ಬಾಚಿಗೆ ಕಾವು ಹಾಕೋವಾಗ ಅವರು ಹತ್ತು ಸಲ ಕೈಯಲ್ಲಿ ಹಿಡಿದು, ಬೀಸಿ, ಮತ್ತೆ ಸವರಿ, ಮತ್ತೆ ಹಿಡಿದು ನೋಡೋರು. ಬೇರೆಯವರ ಬಾಚಿ ಎಷ್ಟೇ ಚೆನ್ನಾಗಿದ್ರೂ ಮುಟ್ಟುತ್ತಿರಲಿಲ್ಲ. ದೊಡ್ಡಾಚಾರ್ರ ಮಾತು ಕೇಳಿದಾಗ ಅದು ನೆನಪಾಯ್ತು. ಸ್ಪಿಂಡಲ್ಲು, ಮೋಟಾರು ಎಲ್ಲಾ ಬ್ರೋಷರಲ್ಲೇ ಇದ್ದವು. ಅವರ ಹಲಗೆಯ ಅಳತೆ ಮಾತ್ರ ಯಾವ ಬ್ರೋಷರಲ್ಲೂ ಇರಲಿಲ್ಲ. ಇಡೀ ಹೋಲಿಕೆ ನಿಂತಿದ್ದು ಅದರ ಮೇಲೆ.

ಆ ಹಲಗೆ ಮೂರು-ನಾಲ್ಕರ ಬೆಡ್ಡಿನಲ್ಲಿ ಒಂದಲ್ಲ, ಎರಡು ಕೂರುತ್ತೆ. ಜಾಲಿ ಹೊರಗೇ ಇರಲಿ. ಕೆತ್ತನೆಯ 9 ಸಾವಿರ ಒಳಗೆ ಬಂದರೆ ಕಂತಿಗೆ ಬೇಕಾದ್ದು ಇನ್ನು 800. ತಿಂಗಳಿಗೊಂದು ಹಲಗೆ ಜಾಸ್ತಿ ಆದ್ರೆ ತೀರಿತು. ಮುದ್ರಾ ಸಾಲದ ಕಿಶೋರ್ ವರ್ಗದಲ್ಲಿ 5 ಲಕ್ಷದವರೆಗೆ ಒತ್ತೆ ಕೇಳಲ್ಲ. ಒಡವೆ ಬೀರುವಿನಲ್ಲೇ ಉಳಿಯಿತು. ಉಳಿಸಿದ ದುಡ್ಡಿನಲ್ಲಿ ಒಂದು ಕಾಲಂಗೆ ಮಾತ್ರ ಕೈ ಬಿಚ್ಚಿ ಖರ್ಚು ಮಾಡಿಸಿದೆ: ಕ್ಲೋಸ್ಡ್ ಲೂಪ್ ಮೋಟಾರು. ಗಂಟೆಗಟ್ಟಲೆ ಓಡುವ ಕೆತ್ತನೆಯಲ್ಲಿ ಎರಡನೇ ಗಂಟೆಗೆ ಜಾಗ ತಪ್ಪಿದ್ರೆ ತೇಗದ ಹಲಗೆ ಒಲೆಗೇ.

ಗಂಟೆಗಟ್ಟಲೆ ಅಂದ್ರೆ ಎಷ್ಟು? 300 ಮಿಲಿ ಅಗಲ, 400 ಮಿಲಿ ಉದ್ದದ ಹಲಗೆಯಲ್ಲಿ 0.3 ಮಿಲಿಗೊಂದು ಗೆರೆ ಎಳೆದ್ರೆ ಸಾವಿರ ಗೆರೆ. ಒಟ್ಟು ಓಟ 400 ಮೀಟರ್. ನಿಮಿಷಕ್ಕೆ ಎರಡೂವರೆ ಮೀಟರಿನಂತೆ ಎರಡು ಗಂಟೆ ನಲವತ್ತು ನಿಮಿಷ. ಗೆರೆಯನ್ನು ಅರ್ಧ ಮಿಲಿಗೆ ಹಿಗ್ಗಿಸಿದ್ರೆ ತೊಂಬತ್ತಾರೇ ನಿಮಿಷ, ಆದರೆ ಮೈಯೆಲ್ಲ ಒರಟು. ಸೂಕ್ಷ್ಮ ಗೆರೆಯಲ್ಲೇ ಪೂರ್ತಿ ಮುಗಿಸಬೇಕು ಅಂತ ಹುಡುಗರು. 'ಒರಟಾಗೇ ಕೊಡಿ, ಉಳಿ ಇರೋದ್ಯಾಕೆ?' ಅಂತ ದೊಡ್ಡಾಚಾರ್ರು.

ಅವರು ಹೇಳಿದ್ದರಲ್ಲಿ ಇನ್ನೊಂದು ನ್ಯಾಯವೂ ಇತ್ತು. ಮೂರು ದಿಕ್ಕಿನ ಯಂತ್ರದ ಬಿಟ್ಟು ಮೇಲಿಂದ ನೇರ ಕೆಳಗೆ ಇಳಿಯುತ್ತೆ. ಎಲೆಯ ಅಡಿಗೆ, ಗಿಳಿಯ ಕೊಕ್ಕಿನ ಹಿಂದಕ್ಕೆ ನುಗ್ಗೋದು ಅದರ ಕೈಲಾಗಲ್ಲ. ಅದಕ್ಕೇ ಬರೀ ಯಂತ್ರದಲ್ಲಿ ಮಾಡಿದ ಗಿಳಿ ಹಲಗೆಗೆ ಅಂಟಿಸಿದ ಹಾಗೆ ಕಾಣುತ್ತೆ. ಉಳಿ ಅಡಿಗೆ ಹೋಗಿ ಒಂದಿಷ್ಟು ಮರ ತೆಗೆದ ಮೇಲೇ ಅಲ್ಲೊಂದು ನೆರಳು ಬೀಳೋದು, ಗಿಳಿ ಮೇಲೇಳೋದು.

ಯಂತ್ರ ಬಂದು ಕೂತು ಈಗ ಏಳು ತಿಂಗಳು. ಮೊದಲು ಒಂದು ಹಲಗೆಗೆ ಎರಡು ದಿನ ಹಿಡೀತಿತ್ತು, ಈಗ ಅರ್ಧ ದಿನ. ಕಂತು ತಪ್ಪಿಲ್ಲ, ಮಳೆಗಾಲದ ಒಂದು ತಿಂಗಳು ಮಾತ್ರ ಕಷ್ಟವಾಯ್ತು. ಶುಕ್ರವಾರ ಸಂಜೆ ಆಫೀಸಿನಿಂದ ಬರುವಾಗ ಶೆಡ್ಡಿಗೆ ಹೋಗ್ತೀನಿ. ಮುಂದಿನ ವಾರದ ಫೈಲುಗಳನ್ನು ತಯಾರು ಮಾಡಿಕೊಡೋದು ನನ್ನ ಪಾಲಿನ ಕೆಲಸ. ಸ್ಟೂಲಿನ ಮೇಲೆ ಲ್ಯಾಪ್‌ಟಾಪು, ಪಕ್ಕದಲ್ಲಿ ಕನ್ನಡಕ ಏರಿಸಿಕೊಂಡ ದೊಡ್ಡಾಚಾರ್ರು. ಕಳೆದ ವಾರ ಪರದೆ ಮೇಲಿನ ಹಂಸದ ಕತ್ತಿನ ಹತ್ತಿರ ಬೆರಳಿಟ್ಟು ಅಂದರು, 'ಇಲ್ಲಿ ಎರಡು ಮಿಲಿ ಮರ ಜಾಸ್ತಿ ಬಿಡಪ್ಪಾ. ಅದು ನಂದು.'

ಬಿಟ್ಟಿದ್ದೀನಿ.