ಕೇಳಿಸದ ಬೇಸ್ ಗಿಟಾರು

"ಅಪ್ಪಾ, ಮೆಟಾಲಿಕಾ ಅಂತ ಒಂದು ಬ್ಯಾಂಡ್ ಇದೆ, ಕೇಳಿದೀಯಾ?"

2022ರಲ್ಲಿ ಮಗಳು ಹೀಗೆ ಕೇಳಿದಾಗ ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ. 'ಸ್ಟ್ರೇಂಜರ್ ಥಿಂಗ್ಸ್' ಧಾರಾವಾಹಿಯಲ್ಲಿ 'ಮಾಸ್ಟರ್ ಆಫ್ ಪಪೆಟ್ಸ್' ಬಂದು, 1986ರ ಹಾಡು ಅವಳ ಗೆಳತಿಯರ ಫೋನುಗಳಲ್ಲೆಲ್ಲ ಓಡಾಡುತ್ತಿತ್ತು. "ಕೇಳಿದೀನಿ ಪುಟ್ಟಿ" ಅಂದೆ. ಅವಳಮ್ಮ ಅಡುಗೆಮನೆಯಿಂದಲೇ, "ಮತ್ತೆ ಶುರುವಾಯ್ತಾ ಆ ಗಲಾಟೆ?" ಅಂದಳು.

ಆ ಗಲಾಟೆಯ ಕತೆ ಸ್ವಲ್ಪ ಹೇಳ್ತೀನಿ ಕೇಳಿ. 1981ರಲ್ಲಿ ಲಾಸ್ ಏಂಜಲೀಸಿನಲ್ಲಿ ಡ್ರಮ್ಮರ್ ಲಾರ್ಸ್ ಉಲ್ರಿಕ್ ಪತ್ರಿಕೆಯೊಂದರಲ್ಲಿ ಜಾಹೀರಾತು ಹಾಕಿದ. ಜೇಮ್ಸ್ ಹೆಟ್‌ಫೀಲ್ಡ್ ಸಿಕ್ಕಿದ. ಆಮೇಲೆ ಕ್ಲಿಫ್ ಬರ್ಟನ್ ಎಂಬ ಬೇಸ್ ವಾದಕನನ್ನು ನೋಡಿ ಇಬ್ಬರೂ ಮರುಳಾದರು. ಅವನೋ, "ನೀವೇ ಸ್ಯಾನ್ ಫ್ರಾನ್ಸಿಸ್ಕೋ ಕಡೆ ಬನ್ನಿ" ಅಂದ. ಒಬ್ಬ ಬೇಸ್ ವಾದಕನಿಗಾಗಿ ಇಡೀ ಬ್ಯಾಂಡು ಊರು ಬಿಟ್ಟು ಹೋಯಿತು! ಬಾಖ್‌ನನ್ನು ಪ್ರೀತಿಸುತ್ತಿದ್ದ ಈ ಉದ್ದ ಕೂದಲಿನ ಹುಡುಗ, ಬರೀ ವೇಗವಾಗಿದ್ದ ಅವರ ಸಂಗೀತಕ್ಕೆ ಸ್ವರಮೇಳದ ಅಂದ ಕಲಿಸಿದ. 1983ರ ಮೊದಲ ಆಲ್ಬಮ್ಮಿನಲ್ಲಿ ಅವನ ಬೇಸ್ ಸೋಲೋಗೇ ಒಂದು ಜಾಗ ಇದೆ.

1986ರ ಸೆಪ್ಟೆಂಬರ್ 27ರಂದು ಸ್ವೀಡನ್ನಿನಲ್ಲಿ ಅವರ ಬಸ್ಸು ಮಗುಚಿ ಕ್ಲಿಫ್ ಸತ್ತ. ವಯಸ್ಸು 24. ಮಲಗುವ ಜಾಗಕ್ಕಾಗಿ ಇಸ್ಪೀಟ್ ಎಲೆ ಎತ್ತಿ, ಗೆದ್ದು, ಗಿಟಾರಿಸ್ಟ್ ಕರ್ಕ್ ಹ್ಯಾಮೆಟ್‌ನ ಜಾಗ ತೆಗೆದುಕೊಂಡಿದ್ದನಂತೆ.

ಒಂದು ತಿಂಗಳು ಕಳೆದಿತ್ತೋ ಇಲ್ಲವೋ, ಅವನ ಜಾಗಕ್ಕೆ ಜೇಸನ್ ನ್ಯೂಸ್ಟೆಡ್ ಬಂದ. 23ರ ಹುಡುಗ, ಈ ಬ್ಯಾಂಡಿನದೇ ಭಕ್ತ. ಅಳೋದಕ್ಕೆ ಬಾರದ ಮೂವರು ಗಂಡಸರು ತಮ್ಮ ದುಃಖವನ್ನೆಲ್ಲ ಅವನ ಮೇಲೆ ತೀರಿಸಿಕೊಂಡರು. ಗೇಲಿ, ಕಿರುಕುಳ, ಹೊರಗಿನವನು ಅನ್ನೋ ಮಾತು. 1988ರಲ್ಲಿ '...ಆ್ಯಂಡ್ ಜಸ್ಟೀಸ್ ಫಾರ್ ಆಲ್' ಬಂತು. ಎಲ್ಲರಿಗೂ ನ್ಯಾಯ ಅಂತ ಹೆಸರು. ಅದರಲ್ಲಿ ಜೇಸನ್‌ನ ಬೇಸ್ ಕೇಳಿಸುವುದೇ ಇಲ್ಲ! ಮೊದಲ ಹಾಡು 'ಬ್ಲ್ಯಾಕೆಂಡ್' ಬರೆದವರಲ್ಲಿ ಅವನೂ ಒಬ್ಬ, ಅದರಲ್ಲೂ ಇಲ್ಲ. ಬೇಸ್ ತಗ್ಗಿಸು ಅಂದದ್ದು ಲಾರ್ಸ್ ಅಂತ ಮಿಕ್ಸಿಂಗ್ ಮಾಡಿದ ಸ್ಟೀವ್ ಥಾಂಪ್ಸನ್ ಎಷ್ಟೋ ವರ್ಷದ ಮೇಲೆ ಹೇಳಿದ.

ಇದನ್ನು ಓದಿದ ದಿನ ನನಗೆ ನಿದ್ದೆ ಬರಲಿಲ್ಲ. ಕಾರಣ ಹೇಳ್ತೀನಿ...

1993. ದಾವಣಗೆರೆಯ ಹಾಸ್ಟೆಲ್ಲು. ಒಂದು ರೂಮಿಗೆ ಮೂರು ಮಂಚ. ನಮಗೆ ಮೆಟಾಲಿಕಾ ಹುಚ್ಚು ಹಿಡಿಸಿದವನು ಮೂರನೇ ಮಂಚದವನು. ದಸರಾ ರಜಕ್ಕೆ ಊರಿಗೆ ಹೊರಟವನು ಬೈಕ್ ಅಪಘಾತದಲ್ಲಿ ಹೋಗಿಬಿಟ್ಟ. ಅವನ ಕ್ಯಾಸೆಟ್ಟುಗಳು ನನ್ನ ಟ್ರಂಕಿನಲ್ಲಿ ಉಳಿದವು. ದೀಪಾವಳಿ ಮುಗಿಯುವಷ್ಟರಲ್ಲಿ ಆ ಮಂಚಕ್ಕೆ ಬಿಜಾಪುರದ ಕಡೆಯ ಹುಡುಗನೊಬ್ಬ ಬಂದ. ನಾವು ಅವನಿಗೆ ಹೊಡೆಯಲಿಲ್ಲ, ಬೈಯಲಿಲ್ಲ. ಅವನು ಅಲ್ಲಿ ಇಲ್ಲವೇ ಇಲ್ಲ ಅನ್ನೋ ಹಾಗೆ ಇದ್ವಿ. ಚಹಾಕ್ಕೆ ಕರೀಲಿಲ್ಲ, ಊಟಕ್ಕೆ ಕಾಯಲಿಲ್ಲ. ಒಮ್ಮೆ ಮೆಲ್ಲಗೆ, "ಆ ಕ್ಯಾಸೆಟ್ ಒಂದ್ಸಲ ಕೊಡ್ರಿ, ಕೇಳಿ ಕೊಡ್ತೀನ್ರಿ" ಅಂದ. "ಅದು ನಿಂದಲ್ಲ" ಅಂದೆ. ಮುಂದಿನ ಸೆಮಿಸ್ಟರಿಗೆ ಅವನು ರೂಮು ಬದಲಾಯಿಸಿದ.

ಆ ಕ್ಯಾಸೆಟ್ ಯಾವುದು ಗೊತ್ತಾ? ಜಸ್ಟೀಸೇ.

ಮೆಟಾಲಿಕಾ ಮುಂದೆ ಬೆಟ್ಟದಷ್ಟು ಬೆಳೆಯಿತು. 1991ರ ಕಪ್ಪು ಆಲ್ಬಮ್ ಅಮೆರಿಕದಲ್ಲೇ ಒಂದೂವರೆ ಕೋಟಿಗೂ ಹೆಚ್ಚು ಖರ್ಚಾಯಿತು. ಅದರಲ್ಲಿ ಜೇಸನ್ ಕೇಳಿಸುತ್ತಾನೆ. ಆದರೂ 2001ರಲ್ಲಿ ಬಿಟ್ಟು ಹೋದ. 2003ರಲ್ಲಿ ರಾಬರ್ಟ್ ಟ್ರುಹಿಯೋ ಬಂದಾಗ ಹತ್ತು ಲಕ್ಷ ಡಾಲರ್ ಮುಂಗಡ ಕೊಟ್ಟು ಒಳಗೆ ಕರೆದುಕೊಂಡರು. ಕಲಿಯೋದಕ್ಕೆ ಅವರಿಗೂ ಅಷ್ಟು ವರ್ಷ ಬೇಕಾಯಿತು. 2009ರಲ್ಲಿ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಗೌರವ ಸಿಕ್ಕಾಗ ಜೇಸನ್ನೂ ಟ್ರುಹಿಯೋನೂ ಒಂದೇ ವೇದಿಕೆಯಲ್ಲಿ ಬೇಸ್ ನುಡಿಸಿದರು. ಕ್ಲಿಫ್‌ನ ಅಪ್ಪನೂ ಅಲ್ಲಿದ್ದರು.

2011ರ ಅಕ್ಟೋಬರ್ 30ರಂದು ಬೆಂಗಳೂರಿನ ಅರಮನೆ ಮೈದಾನಕ್ಕೆ ಅವರು ಬಂದಾಗ ನಾನೂ ಹೋಗಿದ್ದೆ. ಸುತ್ತ ಸಾವಿರಾರು ಕಪ್ಪು ಟೀ ಶರ್ಟುಗಳು. ಹಾಡಿಗಿಂತ ಹೆಚ್ಚಾಗಿ ಮುಖಗಳನ್ನೇ ನೋಡುತ್ತಿದ್ದೆ. ಅವನು ಸಿಗಲಿಲ್ಲ.

2018ರಲ್ಲಿ ಜಸ್ಟೀಸ್ ಮತ್ತೆ ಹೊಸದಾಗಿ ಬಂತು. ಆಗಲೂ ಬೇಸ್ ಏರಿಸಲಿಲ್ಲ. ಆದ ತಪ್ಪನ್ನು ಆಮೇಲೆ ತಿದ್ದಿ ಒಳ್ಳೆಯವರಾಗೋದು ಬೇಡ ಅಂತಲೋ ಏನೋ. ಆದರೆ ಅಭಿಮಾನಿಗಳು ತಾವೇ ಬೇಸ್ ಏರಿಸಿ ಮಾಡಿದ ಆವೃತ್ತಿಗಳು ಯೂಟ್ಯೂಬಿನಲ್ಲಿವೆ. ಮಗಳಿಗೆ ಎರಡನ್ನೂ ಕೇಳಿಸಿದೆ. "ಇದರಲ್ಲಿ ಇನ್ನೊಬ್ರು ಯಾರೋ ಇದಾರಲ್ಲಪ್ಪಾ" ಅಂದಳು.

ಇದ್ದ ಪುಟ್ಟಿ. ಮೊದಲಿಂದಲೂ ಇದ್ದ.

ಬಿಜಾಪುರದ ಗೆಳೆಯಾ, ಎಲ್ಲಿದ್ದೀಯೋ ಗೊತ್ತಿಲ್ಲ. ಇದನ್ನೇನಾದರೂ ಓದಿದರೆ... ಆ ಕ್ಯಾಸೆಟ್ ಇನ್ನೂ ನನ್ನ ಹತ್ತಿರವೇ ಇದೆ. ಬಂದು ತಗೊಂಡು ಹೋಗು ಮಾರಾಯ. ವಾಪಸ್ ಕೊಡೋದು ಬೇಡ.