ದಾಖಲೆಯಲ್ಲಿ ಸತ್ಯ, ನಾಲಗೆಯಲ್ಲಿ ಸಂಯಮ

ಹುಬ್ಬಳ್ಳಿಯ ಜನರು ಕಿಮ್ಸ್ ಎಂದು ಕರೆಯುವ ಸರಕಾರಿ ಆಸ್ಪತ್ರೆಯಲ್ಲಿಯೂ ಧಾರವಾಡದ ಜಿಲ್ಲಾ ಆಸ್ಪತ್ರೆಯಲ್ಲಿಯೂ ಎಚ್.ಐ.ವಿ. ಪರೀಕ್ಷೆಗೆ ಬಂದವರೊಡನೆ ಆಪ್ತಸಮಾಲೋಚಕರು ಏಕಾಂತದಲ್ಲಿ ಮಾತನಾಡುತ್ತಾರೆ. ಸೋಂಕು ತಗಲಿದ್ದರೆ ಅದು ಯಾವ ಮಾರ್ಗದಿಂದ ಬಂದಿರಬಹುದೆಂದು ಕೇಳಿ ಬರೆದುಕೊಳ್ಳುತ್ತಾರೆ: ಲೈಂಗಿಕ ಸಂಪರ್ಕವೋ, ರಕ್ತವೋ, ಸೂಜಿಯೋ, ತಾಯಿಯಿಂದಲೋ. ರಕ್ತಪರೀಕ್ಷೆಯು ಸೋಂಕನ್ನು ತೋರಿಸಬಲ್ಲದು. ಅದು ಬಂದ ದಾರಿಯನ್ನು ತೋರಿಸಲಾರದು. ಅದಕ್ಕೆ ಬಂದವರ ಮಾತೇ ಆಧಾರ.

ನಾಚಿಕೆಯಿಂದ ಒಬ್ಬರು ‘ಏರಿಸಿದ ರಕ್ತದಿಂದ ಬಂತು’ ಎಂದರೆ ಹಾಗೆಯೇ ದಾಖಲಾಗಬಹುದು. ನಿಜವಾಗಿ ರಕ್ತದಿಂದಲೇ ಬಂದವರನ್ನು ನಂಬದೆ ಬೇರೆ ಕಾರಣ ಬರೆದರೂ ಅಸತ್ಯವೇ. ಮೂಲದ ನಮೂದು ತಪ್ಪಿದರೆ ಮೊತ್ತವೂ ತಪ್ಪುತ್ತದೆ. ತಡೆಯುವ ಪ್ರಯತ್ನ ಬೇರೆಡೆ ಹರಿದು, ಮತ್ತೊಬ್ಬರಿಗೆ ಸೋಂಕು ತಗಲುತ್ತದೆ. ಇಲ್ಲಿ ಅಸತ್ಯವೇ ಹಿಂಸೆಯಾಗುತ್ತದೆ. ಜಮಾಖರ್ಚು ಬಲ್ಲವರು ಮೂಲ ತಿಳಿಯದ ರಕಮನ್ನು ಅನಾಮತು ಖಾತೆಯಲ್ಲಿಡುತ್ತಾರೆ, ಸಿಕ್ಕ ಖಾತೆಗೆ ನೂಕುವುದಿಲ್ಲ. ‘ತಿಳಿಯದು’ ಎಂಬ ದಾಖಲೆಯೂ ಸತ್ಯವೇ.

ತತ್ತ್ವಾರ್ಥಸೂತ್ರವು ಸತ್ಯಾಣುವ್ರತದ ಐದು ಅತಿಚಾರಗಳಲ್ಲಿ ಕೂಟಲೇಖಕ್ರಿಯೆಯನ್ನು, ಅಂದರೆ ಸುಳ್ಳು ಬರಹವನ್ನು, ಎಣಿಸುತ್ತದೆ. ಪರರ ಗುಟ್ಟನ್ನು ಹೊರಗೆಡಹುವ ರಹೋಭ್ಯಾಖ್ಯಾನವೂ ಅವುಗಳಲ್ಲಿ ಒಂದು. ಎಷ್ಟೋ ಸಲ ಎರಡನೆಯದರ ಭಯವೇ ಮೊದಲನೆಯದನ್ನು ಹುಟ್ಟಿಸುತ್ತದೆ. 2018ರ ಸೆಪ್ಟೆಂಬರ್ 10ರಂದು ಜಾರಿಗೆ ಬಂದ ಎಚ್.ಐ.ವಿ. ಮತ್ತು ಏಡ್ಸ್ ಕಾಯಿದೆಯು ಸೋಂಕಿತರ ಗೋಪ್ಯತೆಯನ್ನು ರಕ್ಷಿಸುತ್ತದೆ. ಆದರೆ ಬಸದಿಯ ಜಗಲಿಯ ಪಿಸುಮಾತನ್ನು ಶ್ರಾವಕನೇ ತಡೆಯಬೇಕು. ‘ಹೇಗೆ ಬಂತು?’ ಎಂದು ಸಮಾಜವು ಕೇಳುವುದನ್ನು ಬಿಟ್ಟಾಗ, ಕೇಳಬೇಕಾದವರಿಗೆ ನಿಜವಾದ ಉತ್ತರ ದೊರೆಯುತ್ತದೆ.